ಎಡವಿದವರ ಪರವಾಗಿ ಒಂದು ಜಾಕ್

ಚರ್ಮ ಕುದಿಸಿ ಮಾಡಿದ ಅಂಟು, ಸರೇಸು, ಕಾಯುವಾಗ ಬರುವ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಒದ್ದೆ ಚರ್ಮ, ತಳ ಹತ್ತಿದ ಹಾಲು, ಹಳೆಯ ಮರದ ಪೆಟ್ಟಿಗೆಯ ಒಳಗು, ಮೂರನ್ನೂ ಒಟ್ಟಿಗೆ ಬಿಸಿ ಮಾಡಿದ ಹಾಗೆ. ನಾನು ಚಿಕ್ಕವಳಿದ್ದಾಗ ನಮ್ಮ ಸೋದರಮಾವ ಹಿತ್ತಲಿನಲ್ಲಿ ಕೂತು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಬೆಳಕು ಹರಿಯುವ ಮೊದಲೇ ಸರೇಸಿನ ಕುಡಿಕೆಯನ್ನು ಬಿಸಿನೀರಿನಲ್ಲಿ ಇಳಿಬಿಡುತ್ತಿದ್ದರು. "ಮನೆಮಂದಿ ಏಳೋಕೆ ಮುಂಚೆನೇ ಗಬ್ಬೆಬ್ಬಿಸಿದ್ಯಲ್ಲೋ" ಎಂದು ಅಮ್ಮ ಮೂಗು ಮುಚ್ಚಿಕೊಂಡು ತಮ್ಮನನ್ನು ಗದರುತ್ತಿದ್ದಳು. ನಾನು ಮಾತ್ರ ಆ ಕುಡಿಕೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ.

ಅರವತ್ತು ವರ್ಷಗಳಾದ ಮೇಲೆ ಅದೇ ವಾಸನೆ ಬೆಳಗಿನ ಐದೂಮುಕ್ಕಾಲಿಗೆ ಓಣಿಯೊಂದರ ತಿರುವಿನಲ್ಲಿ, ವಾದ್ಯ ರಿಪೇರಿಯ ಅಂಗಡಿಯೊಂದರ ಬಗ್ಗೆ ಬರೆಯಲೆಂದು ಹೊರಟ ನನ್ನನ್ನು ತಡೆದು ನಿಲ್ಲಿಸುತ್ತದೆ. ಅರ್ಧ ಎತ್ತಿದ ಷಟರ್. ಒಳಗೆ ಒಂದೇ ದೀಪ. ದೀಪದ ಕೆಳಗೆ ಮಡಿಸಿದ ಹಳೆಯ ರಗ್ಗಿನ ಮೇಲೆ ಪಿಟೀಲಿನ ದೊಡ್ಡಪ್ಪನಂಥ ವಾದ್ಯವೊಂದು ಮಗ್ಗುಲಾಗಿ ಮಲಗಿದೆ. ಡಬಲ್ ಬೇಸ್. ಎಬ್ಬಿಸಿ ನಿಲ್ಲಿಸಿದರೆ ಆಳೆತ್ತರಕ್ಕಿಂತ ಹೆಚ್ಚು. ಅದರ ಪಕ್ಕದಲ್ಲಿ ಮಂಡಿಯೂರಿ, ತುಟಿಗಳ ನಡುವೆ ಒಂದು ಪುಟ್ಟ ವಾಷರ್ ಹಿಡಿದುಕೊಂಡು ಕೂತ ಹೆಂಗಸು ತಲೆ ಎತ್ತದೆಯೇ ಹೇಳುತ್ತಾರೆ: "ಬನ್ನಿ ಅಮ್ಮಾ. ಆ ಕುರ್ಚಿ ಬೇಡ, ಅದಕ್ಕೆ ಮೂರೇ ಕಾಲು. ಈ ಕಡೆ ಕೂತ್ಕೊಳ್ಳಿ." ನಾನು ಕೂತ ಮೇಲೆ, ಬೆಳಕು ನನ್ನ ಕಣ್ಣಿಗೆ ಚುಚ್ಚದಂತೆ ದೀಪದ ಕತ್ತನ್ನು ಎರಡು ಬೆರಳಿನಿಂದ ಆಚೆಗೆ ತಿರುಗಿಸುತ್ತಾರೆ. ವಾಷರ್ ಇನ್ನೂ ತುಟಿಯಲ್ಲೇ ಇದೆ.

ಓಣಿಯವರೆಲ್ಲ ಇವರನ್ನು ಗಟ್ಟಿಯಕ್ಕ ಎಂದು ಕರೆಯುತ್ತಾರೆ. ಒಂದೊಂದು ತಿರುಪು ಬಿಗಿದಾಗಲೂ "ಗಟ್ಟಿ ಆಯ್ತಾ?" ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವ ಅಭ್ಯಾಸದಿಂದ ಬಂದ ಹೆಸರು. ಎದುರಿನ ಇಸ್ತ್ರಿ ಅಂಗಡಿಯವರು ಇಟ್ಟದ್ದು. "ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಯಾರಾದ್ರೂ ನಿಜವಾದ ಹೆಸರು ಹಿಡಿದು ಕೂಗಿದ್ರೆ ಪಕ್ಕದ ಮನೆಯವರನ್ನ ಕರೀತಿದ್ದಾರೆ ಅಂದ್ಕೋತೀನಿ" ಎನ್ನುತ್ತಾರೆ. ವಯಸ್ಸು ಐವತ್ತೆರಡು. ಎಡಗೈ ತೋರುಬೆರಳಿನ ತುದಿಯಲ್ಲಿ ಬೆಸುಗೆಯ ಬಿಸಿ ತಾಗಿ ತಾಗಿ ಚರ್ಮ ಕಾಯಿಗಟ್ಟಿದೆ. ಕನ್ನಡಕದ ಒಂದು ಕಡ್ಡಿಗೆ ಮೇಣ ಹಚ್ಚಿದ ದಾರ ಸುತ್ತಿದ್ದಾರೆ. ಹೊಸದು ಯಾಕೆ ತಗೊಳ್ಳಬಾರದು ಎಂದರೆ, "ಅಂಗಡಿಯವರು ಹಾಕಿಕೊಡೋ ತಿರುಪಿಗಿಂತ ನಾನು ಸುತ್ತಿದ್ದೇ ಗಟ್ಟಿ" ಎಂಬ ಉತ್ತರ.

ಬೇಸ್‌ನ ತಂತಿಗಳು ಮರದ ಒಂದು ಕುದುರೆಯ ಮೇಲೆ ಹಾದುಹೋಗುತ್ತವೆ. ಆ ಕುದುರೆಯ ಸಂದಿನಲ್ಲಿ ಉಗುರಗಲದ ಪಿಕಪ್ ಒಂದನ್ನು ಸಿಕ್ಕಿಸುತ್ತಾರೆ. ಮರದ ನಡುಕವನ್ನು ಅದು ಹಿಡಿಯುತ್ತದೆ. ಅಲ್ಲಿಂದ ಕೂದಲಿಗಿಂತ ತುಸು ದಪ್ಪನೆಯ ವೈರು ಹೊರಟು ಒಂದು ಜಾಕ್‌ಗೆ ಬಂದು ಸೇರುತ್ತದೆ. ಸ್ಪೀಕರಿನಿಂದ ಬಂದ ದಪ್ಪ ಕೇಬಲ್ಲಿನ ಪ್ಲಗ್ಗನ್ನು ಚುಚ್ಚುವುದು ಆ ಜಾಕ್‌ನ ಬಾಯಿಗೆ. ಇಡೀ ಸಭಾಂಗಣ ಕೇಳುವ ಗಂಭೀರವಾದ ದನಿ ಹೆಬ್ಬೆರಳ ಗಾತ್ರದ ಈ ತುಂಡನ್ನು ದಾಟಿಯೇ ಹೋಗಬೇಕು. ಅದನ್ನು ವಾದ್ಯದ ಮೇಲೆ ಎಲ್ಲಿ, ಹೇಗೆ ಕೂರಿಸಬೇಕು ಎಂಬುದೇ ಗಟ್ಟಿಯಕ್ಕನ ಕೆಲಸ. ಸಡಿಲವಾದರೆ ಗಿರಗಿರ ಸದ್ದು. ತಿರುಗಿದರೆ ಒಳಗಿನ ವೈರು ಹುರಿಗೊಂಡು ತುಂಡಾಗುತ್ತದೆ. ಇದುವರೆಗೆ ಇವರು ಕೂರಿಸಿದ ಜಾಕ್‌ಗಳು ನಾನೂರ ಹದಿನಾರು. ಇವತ್ತಿನದು ನಾನೂರ ಹದಿನೇಳನೆಯದು.

ಇವತ್ತಿನ ಬೇಸ್‌ನ ಒಡತಿ ಮೂಲೆಯಲ್ಲಿ ಸ್ಟೂಲಿನ ತುದಿಗೆ ಕೂತಿದ್ದಾಳೆ. ಮೂವತ್ತರ ಆಸುಪಾಸು, ಕುಳ್ಳಗೆ, ಸಣ್ಣಗೆ. ವಾದ್ಯ ಅವಳಿಗಿಂತ ಒಂದೂವರೆ ಅಡಿ ಎತ್ತರ. ಐದು ಗಂಟೆಗೇ ಅದನ್ನು ಚಕ್ರದ ಮೇಲೆ ಉರುಳಿಸಿಕೊಂಡು ಬಂದಿದ್ದಾಳೆ. ಒಂಬತ್ತು ಜನರ ವಾದ್ಯವೃಂದವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ, ಆದರೆ ಇನ್ನೂ ಪರೀಕ್ಷೆಯ ಮೇಲಿದ್ದಾಳೆ. ಹೋದ ವಾರದ ರಿಹರ್ಸಲ್‌ನಲ್ಲಿ ಎರಡು ಸಲ ನಡುವೆಯೇ ಬೇಸ್‌ನ ದನಿ ನಿಂತುಹೋಯಿತು. ಕುದುರೆಯ ಕೆಳಗೆ ಎರಡು ತಂತಿಗಳ ನಡುವೆ ಕಚ್ಚಿಸಿದ್ದ ಜಾಕ್ ಜಾರಿ ಜಾರಿ ವೈರನ್ನೇ ಕಿತ್ತುಹಾಕಿತ್ತು. "ಮೂರನೇ ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದಿದ್ದಾರೆ ವೃಂದದ ಮುಖ್ಯಸ್ಥರು. ಇವತ್ತು ಹನ್ನೊಂದಕ್ಕೆ ಮತ್ತೆ ರಿಹರ್ಸಲ್.

"ಅಕ್ಕಾ, ಪಕ್ಕಕ್ಕೊಂದು ತೂತು ಕೊರೆದು ಒಳಗಿಂದಾನೇ ಬಿಗಿದುಬಿಡಿ. ಇನ್ನೊಬ್ಬರು ಹಾಗೇ ಮಾಡಿಸಿ ಅಂದ್ರು."

"ಯಾರವರು?"

"ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯವರು."

"ಗೋಡೆಗೆ ತೂತು ಕೊರೆದು ಅಭ್ಯಾಸ ಅವರಿಗೆ. ನೂರು ವರ್ಷದ ಮರಕ್ಕೆ ತೂತು ಹಾಕೋಕೆ ಎರಡು ನಿಮಿಷ ಸಾಕು. ಮುಚ್ಚೋಕೆ ನನ್ನಿಂದಾನೂ ಆಗಲ್ಲ, ಮಾವನಿಂದಾನೂ ಆಗಲ್ಲ. ತೂತು ಮಾತ್ರ ಕೇಳ್ಬೇಡಮ್ಮ."

ಮಾವ ಎಂದರೆ ಗಂಡನ ತಂದೆ, ಈ ಅಂಗಡಿಯ ಯಜಮಾನರು. ಎಂಬತ್ತನಾಲ್ಕು ವರ್ಷ. ಸರೇಸಿನ ಕುಡಿಕೆ ಅವರದು. ಕಿಟಕಿಯ ಬಳಿ ಕೂತು ಬಿರುಕುಬಿಟ್ಟ ಪಿಟೀಲೊಂದಕ್ಕೆ ಬ್ರಷ್ಷಿನಿಂದ ಸರೇಸು ಸವರುತ್ತಿದ್ದಾರೆ. "ಮರಕ್ಕೆ ಕರೆಂಟು ಕೊಡೋದೇ ಮೊದಲ ತಪ್ಪು" ಎಂದು ಅಲ್ಲಿಂದಲೇ ಹೇಳುತ್ತಾರೆ. "ನಮ್ಮ ಕಾಲದಲ್ಲಿ ಬೇಸ್ ಕೇಳಿಸದೇ ಹೋದ್ರೆ ಡ್ರಮ್ಮಿನವನಿಗೆ ಮೆಲ್ಲಗೆ ಬಾರ್ಸೋ ಅಂತಿದ್ವಿ."

"ಕೇಳ್ತಿದ್ನಾ ಮಾವ?"

"ಎಲ್ಲಿ ಕೇಳ್ತಾನೆ? ಅವನಿಗೆ ಅವನ ಡ್ರಮ್ಮೇ ಕೇಳ್ತಿತ್ತು."

ಗಟ್ಟಿಯಕ್ಕ ಈ ಮನೆಗೆ ಬಂದದ್ದು ಇಪ್ಪತ್ತೆಂಟು ವರ್ಷಗಳ ಹಿಂದೆ. ಆಗ ರೇಡಿಯೋ ಕಾರ್ಖಾನೆಯೊಂದರಲ್ಲಿ ದಿನಕ್ಕೆ ಆರುನೂರು ಬೆಸುಗೆ ಹಾಕುತ್ತಿದ್ದರು. ಗಂಡ ಸರಕಿನ ದೊಡ್ಡ ಗೋದಾಮಿನಲ್ಲಿ ಕ್ರೇನ್ ನಡೆಸುತ್ತಾರೆ. ಅಪ್ಪನ ಉಳಿ, ಕಮಾನುಗಳ ಕಡೆ ಅವರು ಎಂದೂ ತಲೆಹಾಕಿದವರಲ್ಲ. ಕಾರ್ಖಾನೆ ಮುಚ್ಚಿದ ವರ್ಷ ಬೇಸ್ ನುಡಿಸುವವರೊಬ್ಬರು ತುಂಡಾದ ವೈರು ಹಿಡಿದುಕೊಂಡು ಅಂಗಡಿಗೆ ಬಂದರಂತೆ. ಯಜಮಾನರು ಅದನ್ನು ಹಾವು ನೋಡಿದ ಹಾಗೆ ನೋಡಿದರಂತೆ. ಬಾಗಿಲಲ್ಲಿ ನಿಂತಿದ್ದ ಸೊಸೆ "ಕೊಡಿ ಇಲ್ಲಿ" ಎಂದರಂತೆ. "ಮರ ಅವರಿಗೆ ಗೊತ್ತಿತ್ತು, ವೈರು ನನಗೆ ಗೊತ್ತಿತ್ತು. ಎರಡೂ ಸೇರೋ ಜಾಗದಲ್ಲಿ ಏನು ಮಾಡ್ಬೇಕು ಅನ್ನೋದು ಇಬ್ರಿಗೂ ಗೊತ್ತಿರ್ಲಿಲ್ಲ. ಜಗಳ ಆಡ್ತಾ ಆಡ್ತಾ ಕಲಿತ್ವಿ."

ಮಾತಾಡುತ್ತಲೇ ಕೈ ಓಡುತ್ತಿದೆ. ತಂತಿಗಳ ಕೆಳತುದಿಯನ್ನು ಹಿಡಿದಿಡುವ ಕಪ್ಪು ಮರದ ಪಟ್ಟಿಗೆ ಇವರು ಬಾಲ ಎನ್ನುತ್ತಾರೆ. ಆ ಬಾಲದ ಅಡಿಗೆ ಕೂರುವಂಥ ಹಿತ್ತಾಳೆಯ ಸಣ್ಣ ಮೂಲೆಪಟ್ಟಿಯನ್ನು ಹಳೆಯ ಬಾಗಿಲಿನ ಚಿಲಕದಿಂದ ಕತ್ತರಿಸಿ ಅರದಿಂದ ಉಜ್ಜಿದ್ದಾರೆ. ಹಿತ್ತಾಳೆ ಮರಕ್ಕೆ ತಾಗಿ ಗುಂಯ್‌ಗುಡದಂತೆ ನಡುವೆ ತೆಳ್ಳನೆಯ ಬೆಂಡಿನ ಹಾಳೆ. ಮೇಣ ಉಜ್ಜಿದ ದಾರದಿಂದ ಎರಡು ಕಡೆ ಹನ್ನೆರಡು ಹನ್ನೆರಡು ಸುತ್ತು. ಅಂಟಿಲ್ಲ, ಮೊಳೆಯಿಲ್ಲ. ನಾಳೆ ಬೇಡವೆಂದರೆ ದಾರ ಕತ್ತರಿಸಿದರಾಯಿತು, ಮರದ ಮೇಲೆ ಒಂದು ಗೀರೂ ಉಳಿಯುವುದಿಲ್ಲ. ಪಟ್ಟಿಯ ತೂತಿನಲ್ಲಿ ಜಾಕ್ ತೂರಿಸಿ, ತುಟಿಯಲ್ಲಿದ್ದ ಹಲ್ಲುಹಲ್ಲಿನ ವಾಷರನ್ನು ಒಳಬದಿಗೆ ಹಾಕುತ್ತಾರೆ. ಒಂದು ಇಕ್ಕಳದಿಂದ ಜಾಕ್‌ನ ಒಡಲನ್ನು ಅಲ್ಲಾಡದಂತೆ ಹಿಡಿದು, ಇನ್ನೊಂದರಿಂದ ನಟ್ಟನ್ನು ಮಾತ್ರ ತಿರುಗಿಸುತ್ತಾರೆ. "ಆತುರದವರು ಹೊರಗಿಂದ ನಟ್ಟು ಬಿಗೀತಾರೆ. ನಟ್ಟಿನ ಜೊತೆ ಜಾಕೂ ತಿರುಗುತ್ತೆ. ಒಳಗಿನ ವೈರಿಗೆ ಅರ್ಧ ಸುತ್ತು ಬಿದ್ದಿರುತ್ತೆ, ಯಾರಿಗೂ ಕಾಣಲ್ಲ. ಹತ್ತು ದಿನ ಚೆನ್ನಾಗಿರುತ್ತೆ. ಹನ್ನೊಂದನೇ ದಿನ ಜನದ ಮುಂದೆ ಕೈ ಕೊಡುತ್ತೆ." ಕೊನೆಯ ಕಾಲುಸುತ್ತು ಬಿಗಿಯುವಾಗ ಉಸಿರು ಹಿಡಿಯುತ್ತಾರೆ. "ಗಟ್ಟಿ ಆಯ್ತಾ?" ತಾವೇ ಕೇಳಿ, ತಾವೇ "ಹ್ಞೂಂ" ಎನ್ನುತ್ತಾರೆ.

ಆಮೇಲೆ ಬೇಸನ್ನು ಎಬ್ಬಿಸಿ ನಿಲ್ಲಿಸಿ, ಅವಳನ್ನು ಕರೆದು, ವೈದ್ಯರು ವಿಚಾರಿಸುವ ಹಾಗೆ ವಿಚಾರಣೆ ಶುರು ಮಾಡುತ್ತಾರೆ.

"ಸ್ಪೀಕರ್ ನಿನ್ನ ಯಾವ ಕಡೆ ಇಡ್ತಾರೆ?"

"ಎಡಕ್ಕೆ, ಸ್ವಲ್ಪ ಹಿಂದೆ."

"ಜನ ಓಡಾಡೋದು?"

"ಜನ ಅಂದ್ರೆ?"

"ಕುರ್ಚಿ ಎತ್ತೋರು, ಕಸ ಗುಡಿಸೋರು, ನೀರು ತರೋರು. ಅವರು ನಿನ್ನ ಹಿಂದೆ ಹಾಯ್ತಾರಾ, ಮುಂದೆ ಹಾಯ್ತಾರಾ?"

ಅವಳು ಕಣ್ಣು ಮುಚ್ಚಿ ಯೋಚಿಸುತ್ತಾಳೆ. "ನೋಡೇ ಇಲ್ಲ ಅಕ್ಕಾ. ಹಿಂದೆ ಅನ್ಸುತ್ತೆ."

"ಎಲ್ಲರೂ ಹೀಗೇ ಅಂತಾರೆ, ನೋಡೇ ಇಲ್ಲ ಅಂತ" ಎಂದು ನನ್ನ ಕಡೆ ತಿರುಗಿ ನಗುತ್ತಾರೆ. ಕೇಬಲ್ ಎಡಹಿಂದಕ್ಕೆ ಎಳೆದಾಗ ಯಾವ ದಿಕ್ಕಿಗೆ ಜಗ್ಗುತ್ತದೆ ಎಂದು ಬಿಳಿ ದಾರ ಹಿಡಿದು ನೋಡುತ್ತಾರೆ. ಮೂಲೆಪಟ್ಟಿಯನ್ನು ಎಳೆಯಷ್ಟು ಬಾಗಿಸುತ್ತಾರೆ. ಜಾಕ್‌ನ ಬಾಯಿ ಈಗ ಕೆಳಕ್ಕೆ, ತುಸು ಎಡಹಿಂದಕ್ಕೆ ನೋಡುತ್ತಿದೆ. ಪ್ಲಗ್ಗನ್ನು ಅಡ್ಡಡ್ಡ ಎಳೆದರೆ ಅದು ಬಾಯಿಯಲ್ಲಿ ಕಚ್ಚಿಕೊಳ್ಳುತ್ತದೆ, ನೇರ ಎಳೆದರೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ ಎಂದು ನನಗೆ ವಿವರಿಸುತ್ತಾರೆ.

ಬಿಟ್ಟುಕೊಳ್ಳುತ್ತದೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬೇಸ್‌ಗೆ ಅಡ್ಡ ಬಂದು ನಿಲ್ಲುತ್ತಾಳೆ.

"ಅಯ್ಯೋ, ಬಿಟ್ಕೊಳ್ಬಾರ್ದು ಅಕ್ಕಾ! ಅದಕ್ಕೇ ಅಲ್ವಾ ಬಂದಿರೋದು? ಕೇಬಲ್ಲನ್ನ ಬೇಸಿನ ಕೆಳಗಿನ ಕಾಲಿಗೆ ಎರಡು ಸುತ್ತು ಸುತ್ತಿ ಕಟ್ಟಿಬಿಡಿ. ಏನೇ ಆದ್ರೂ ಪ್ಲಗ್ ಬರಬಾರ್ದು. ಇನ್ನೊಂದು ಸಲ ದನಿ ಹೋದ್ರೆ ನನ್ನ ಕಥೆ ಮುಗೀತು."

ಗಟ್ಟಿಯಕ್ಕ ಇಕ್ಕಳವನ್ನು ಕೆಳಗಿಡುತ್ತಾರೆ. ಯಜಮಾನರ ಬ್ರಷ್ಷೂ ನಿಲ್ಲುತ್ತದೆ. "ಹೇಳ್ಬಿಡಮ್ಮ" ಎನ್ನುತ್ತಾರೆ ಅವರು, ಈ ಸಲ ತಮಾಷೆಯಿಲ್ಲದೆ.

ಐದು ವರ್ಷಗಳ ಹಿಂದಿನ ಮಾತು. ಆಗ ಗಟ್ಟಿಯಕ್ಕನ ಕೆಲಸಕ್ಕೆ ಒಳ್ಳೆಯ ಹೆಸರಿತ್ತು. ಜಾಕ್ ಕೂರಿಸಿದ ಮೇಲೆ, ಯಾರೂ ಎಳೆಯಬಾರದೆಂದು, ಕೇಬಲ್ಲನ್ನು ಬೇಸ್‌ನ ಕಬ್ಬಿಣದ ಕಾಲಿಗೆ ಎರಡು ಸುತ್ತು ಸುತ್ತಿ ಮೇಣದ ದಾರದಿಂದ ಬಿಗಿದು ಕಳಿಸುತ್ತಿದ್ದರು. ಅಂಥದ್ದೊಂದು ಬೇಸ್ ಸಭಾಂಗಣವೊಂದರಲ್ಲಿ, ಬಿಡುವಿನ ಹೊತ್ತಿನಲ್ಲಿ, ಸ್ಟೂಲಿಗೆ ಒರಗಿ ನಿಂತಿತ್ತು. ಪ್ಲಗ್ ಚುಚ್ಚಿಯೇ ಇತ್ತು. ನೆಲ ಒರೆಸುವ ಹೆಂಗಸು ಬಕೆಟ್ ಹಿಡಿದು ಹಾಯುವಾಗ ಕೇಬಲ್ ಆಕೆಯ ಕಾಲಿಗೆ ಸಿಕ್ಕಿತು.

"ಜಾಕ್ ಅಲ್ಲಾಡ್ಲಿಲ್ಲ. ದಾರ ಅಲ್ಲಾಡ್ಲಿಲ್ಲ. ಇಡೀ ಬೇಸ್ ನೆಲಕ್ಕೆ ಬಂತು. ಕತ್ತು ಎರಡು ತುಂಡು" ಎನ್ನುತ್ತಾರೆ ಗಟ್ಟಿಯಕ್ಕ. "ಸುದ್ದಿ ಬಂದಾಗ ನಾನು ಮೊದಲು ಏನು ಕೇಳ್ದೆ ಗೊತ್ತಾ? ಜಾಕ್ ಹೇಗಿದೆ ಅಂತ. ಜಾಕ್ ಗಟ್ಟಿಯಾಗೇ ಇದೆ ಅಂದ್ರು. ಒಂದು ಗಳಿಗೆ ಖುಷಿಯಾಯ್ತು. ಆ ಖುಷಿ ನೆನೆಸ್ಕೊಂಡ್ರೆ ಈಗ್ಲೂ ನಾಚಿಕೆ ಆಗುತ್ತೆ."

ಕತ್ತನ್ನು ಸೇರಿಸಲು ಮಾವ ಸೊಸೆಗೆ ಏಳು ತಿಂಗಳು ಹಿಡಿಯಿತು. ಕತ್ತು ಕೂಡಿತು. ಕೂಡದೆ ಉಳಿದದ್ದು ಬೇರೆ. ಮೂರನೆಯ ದಿನ ಸಭಾಂಗಣಕ್ಕೆ ಹೋಗಿ ಇವರು ವ್ಯವಸ್ಥಾಪಕರ ಮುಂದೆ ನಿಂತು, ತಪ್ಪು ಆಕೆಯ ಕಾಲಿನದಲ್ಲ, ನನ್ನ ಗಂಟಿನದು ಎಂದು ಹೇಳಿದರು. ಅಷ್ಟರಲ್ಲಿ ಆಕೆಯನ್ನು ಕೆಲಸದಿಂದ ತೆಗೆದಾಗಿತ್ತು. "ಆಗಿದ್ದು ಆಗಿಹೋಯ್ತು ಬಿಡಿ" ಎಂದರಂತೆ ಅವರು. ಎಲ್ಲಿಗೆ ಹೋದಳು, ಮನೆ ಎಲ್ಲಿ, ಯಾರಿಗೂ ಗೊತ್ತಿಲ್ಲ. ಹೆಸರನ್ನು ಕೂಡ ಸರಿಯಾಗಿ ಬಲ್ಲವರಿರಲಿಲ್ಲ. ತಪ್ಪು ಒಪ್ಪಿಕೊಂಡ ಸುದ್ದಿ ಮಾತ್ರ ಬೇಗ ಹಬ್ಬಿತು. ಎಂಟು ತಿಂಗಳು ಅಂಗಡಿಗೆ ಒಂದು ಜಾಕ್‌ನ ಕೆಲಸವೂ ಬರಲಿಲ್ಲ.

"ಸುಮ್ನಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ" ಎನ್ನುತ್ತಾರೆ ಯಜಮಾನರು. "ನಾನೂ ಅದನ್ನೇ ಹೇಳ್ದೆ. ಈ ತಾಯಿ ಮೂರು ದಿನ ನನ್ನ ಜೊತೆ ಮಾತು ಬಿಟ್ಲು."

"ಎರಡು ದಿನ ಮಾವ."

"ನನಗೆ ಮೂರು ಅನ್ಸಿತ್ತು."

ಆ ಎಂಟು ತಿಂಗಳಲ್ಲಿ ಗಟ್ಟಿಯಕ್ಕ ಹಳೆಯ, ಯಾರಿಗೂ ಬೇಡವಾದ ಒಂದು ಬೇಸನ್ನು ಅಂಗಡಿಯ ನಡುವೆ ನಿಲ್ಲಿಸಿ, ದಿನವೂ ಕೇಬಲ್ಲಿಗೆ ಎಡವಿದರು. ಬಲಗಾಲು, ಎಡಗಾಲು, ಹಿಂದಿನಿಂದ, ಕೈಯಲ್ಲಿ ಬಕೆಟ್ ಹಿಡಿದು, ಹಿಡಿಯದೆ. ಜಾಕ್ ಬಾಯಿ ಯಾವ ಕೋನದಲ್ಲಿದ್ದರೆ ಪ್ಲಗ್ ಬಿಡುತ್ತದೆ, ಯಾವ ಕೋನದಲ್ಲಿ ಬೇಸ್ ವಾಲುತ್ತದೆ ಎಂದು ನೋಡಿ ನೋಡಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದರು. ಆ ಗೆರೆಗಳು ಈಗಲೂ ಇವೆ. ಗೋಡೆಗೆ ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಟ್ಟು ಬಳಿದಿದ್ದಾರೆ. ಅಂದಿನಿಂದ ಈ ಅಂಗಡಿಗೆ ಒಂದು ಕಟ್ಟುಪಾಡು: ಎಡವಿ ನೋಡದೆ ಯಾವ ಬೇಸೂ ಷಟರ್ ದಾಟಿ ಹೊರಗೆ ಹೋಗುವಂತಿಲ್ಲ.

"ನೋಡಮ್ಮಾ" ಎಂದು ಅವರು ಕುಳ್ಳ ಹುಡುಗಿಯ ಕಡೆ ತಿರುಗುತ್ತಾರೆ. "ಜಾಕ್ ಮರಕ್ಕೆ ಗಟ್ಟಿಯಾಗಿರ್ಬೇಕು. ಅದು ನನ್ನ ಜವಾಬ್ದಾರಿ, ನೀನು ಕುಣಿದಾಡಿದ್ರೂ ಅಲ್ಲಾಡಲ್ಲ. ಪ್ಲಗ್ ಮಾತ್ರ ಬಿಡ್ಬೇಕು. ದನಿ ಹೋದ್ರೆ ಎರಡು ಕ್ಷಣದಲ್ಲಿ ವಾಪಸ್ ಬರುತ್ತೆ. ಕತ್ತು ಮುರಿದ್ರೆ ನಿನ್ನ ಕೆಲಸಾನೂ ಹೋಗುತ್ತೆ, ಎಡವಿದವರ ಕೆಲಸಾನೂ ಹೋಗುತ್ತೆ."

"ಎರಡು ಕ್ಷಣ ಆದ್ರೂ ಹೋದ ಹಾಗೇ ಅಲ್ವಾ ಅಕ್ಕಾ? ಅವರು ಮೂರನೇ ಸಲ ಅಂತಾನೇ ಲೆಕ್ಕ ಹಿಡೀತಾರೆ."

ಗಟ್ಟಿಯಕ್ಕ ಇಕ್ಕಳವನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಹುಡುಗಿ ಹೇಳುವುದರಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ. "ಹಿಡಿದ್ರೆ ಹಿಡೀಲಿ. ಕಟ್ಟೋದಂತೂ ಇಲ್ಲ" ಎನ್ನುತ್ತಾರೆ ಗಟ್ಟಿಯಕ್ಕ. "ಬೇಡ ಅಂದ್ರೆ ದಾರ ಕತ್ತರಿಸಿ ಕೊಡ್ತೀನಿ, ಬೇರೆ ಕಡೆ ಹೋಗು. ಇಟ್ಕೋತೀನಿ ಅಂದ್ರೆ ವಾಪಸ್ ಚುಚ್ಚೋದನ್ನ ಕಲಿಸ್ತೀನಿ. ಒಂದು ಗಂಟೆ ಇದೆ."

ಅವಳು ಗಡಿಯಾರ ನೋಡುತ್ತಾಳೆ. ಬೇಸನ್ನು ನೋಡುತ್ತಾಳೆ. "ಕಲಿಸಿ" ಎನ್ನುತ್ತಾಳೆ.

ಯಜಮಾನರು ಎದ್ದು ಬಂದು ತಮ್ಮ ಊರುಗೋಲಿನ ಕೊಕ್ಕೆಯನ್ನು ಕೇಬಲ್ಲಿಗೆ ಸಿಕ್ಕಿಸುತ್ತಾರೆ. ಎಡವುವ ಕೆಲಸ ಈಗ ಅವರದು. "ಎಂಬತ್ನಾಲ್ಕಕ್ಕೆ ಇದಕ್ಕಿಂತ ಒಳ್ಳೆ ಕೆಲಸ ಎಲ್ಲಿ ಸಿಗುತ್ತೆ ಹೇಳಿ" ಎಂದು ನನ್ನ ಕಡೆ ಕಣ್ಣು ಮಿಟುಕಿಸಿ, ಅವಳು ನುಡಿಸುತ್ತಿದ್ದಂತೆ, ಹೇಳದೆ ಕೇಳದೆ ಜಗ್ಗುತ್ತಾರೆ. ಪ್ಲಗ್ ಪಟ್ಟನೆ ಬಿಟ್ಟು ನೆಲದ ಮೇಲೆ ಬೀಳುತ್ತದೆ. ಬೇಸ್ ಅಲ್ಲಾಡುವುದಿಲ್ಲ. ಅವಳು ತಡಬಡಾಯಿಸಿ ಬಗ್ಗುತ್ತಾಳೆ. ಒಂದು, ಎರಡು, ಮೂರು ಎಂದು ಎಣಿಸುತ್ತ ಗಟ್ಟಿಯಕ್ಕ ಹನ್ನೊಂದರ ತನಕ ಹೋಗುತ್ತಾರೆ.

"ಬಗ್ಗಿ ಹುಡುಕ್ಬೇಡ. ಕೇಬಲ್ಲನ್ನ ನಿನ್ನ ಬೆಲ್ಟಿನ ಕೊಂಡಿಯಲ್ಲಿ ಸಡಿಲವಾಗಿ ಹಾಯಿಸ್ಕೋ, ಬಿಟ್ಕೊಂಡ್ರೂ ಪ್ಲಗ್ ನಿನ್ನ ತೊಡೆ ಹತ್ರಾನೇ ನೇತಾಡ್ಲಿ. ಕಣ್ಣು ಬೇಡ. ಎಡಗೈ ತಂತಿ ಮೇಲೇ ಇರ್ಲಿ. ಬಲಗೈ ಇಳಿಸು. ಹೆಬ್ಬೆರಳಿಂದ ಜಾಕಿನ ಬಾಯಿ ಮುಟ್ಟು, ಪ್ಲಗ್ಗನ್ನ ಹೆಬ್ಬೆರಳ ಮೇಲೆ ಜಾರಿಸು."

ಎರಡನೆಯ ಸಲ ಒಂಬತ್ತು ಎಣಿಕೆ. ಆರನೆಯ ಸಲ ಐದು. ಯಜಮಾನರು ಕೆಲವೊಮ್ಮೆ ಎಳೆಯುತ್ತಾರೆ, ಕೆಲವೊಮ್ಮೆ ಎಳೆಯುವ ನಟನೆ ಮಾಡಿ ಸುಮ್ಮನಿರುತ್ತಾರೆ. "ಅಜ್ಜಾ, ಮೋಸ ಮಾಡ್ತೀರಿ!" ಎಂದು ಅವಳು ಮೊದಲ ಸಲ ನಗುತ್ತಾಳೆ. ಹದಿನೇಳನೆಯ ಎಳೆತಕ್ಕೆ ಎರಡೇ ಎಣಿಕೆ. ಅವಳ ಹೆಬ್ಬೆರಳು ಕೆಂಪಾಗಿದೆ. ಅದನ್ನು ಕಂಡ ಗಟ್ಟಿಯಕ್ಕ ಡ್ರಾಯರಿನಿಂದ ಹತ್ತಿಬಟ್ಟೆಯ ತುಂಡು ತೆಗೆದು, ಬೆರಳಿಗೆ ಒಂದು ಸುತ್ತು ಸುತ್ತಿ, "ಹ್ಞಾಂ, ಈಗ ಇನ್ನೊಂದು ಸಲ" ಎನ್ನುತ್ತಾರೆ.

ಹತ್ತೂವರೆಗೆ ನಾವು ಮೂವರೂ ಸಭಾಂಗಣದಲ್ಲಿದ್ದೇವೆ: ಅವಳು ವೇದಿಕೆಯ ಮೇಲೆ, ಗಟ್ಟಿಯಕ್ಕ ಮತ್ತು ನಾನು ಕಡೆಯ ಸಾಲಿನಲ್ಲಿ. ಐದು ವರ್ಷಗಳಿಂದ, ತಾವು ಕೂರಿಸಿದ ಪ್ರತಿ ಜಾಕ್‌ನ ಮೊದಲ ದಿನಕ್ಕೆ ಇವರು ಹೀಗೇ ಬಂದು ಕೂರುತ್ತಾರೆ. ಯಾರೂ ಕರೆದಿರುವುದಿಲ್ಲ. ಬಾಗಿಲು ಕಾಯುವವರು ಮಾತ್ರ ಗುರುತು ಹಿಡಿದು ತಲೆಯಾಡಿಸುತ್ತಾರೆ. ಇವರು ಸಂಗೀತ ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕಣ್ಣು ನೆಲದ ಮೇಲೆ ಹರಿದ ಕಪ್ಪು ಕೇಬಲ್ಲಿನ ಮೇಲಿದೆ.

"ಆಕೆಯನ್ನ ಒಂದು ಸಲ ನೋಡ್ಬೇಕು ಅಂತ ಆಸೆ" ಎಂದು ನಾನು ಕೇಳದೆಯೇ ಹೇಳುತ್ತಾರೆ, ಮೆಲ್ಲಗೆ. "ಕ್ಷಮೆ ಕೇಳೋಕಲ್ಲ. ಅದನ್ನ ಕೇಳಿ ನಾನು ಹಗುರಾಗ್ಬಹುದು, ಆಕೆಗೇನು ಬಂತು? ನಿಮ್ಮ ಕಾಲಿನದು ತಪ್ಪಿರ್ಲಿಲ್ಲ ಅಂತ ಹೇಳ್ಬೇಕು, ಅಷ್ಟೆ. ಐದು ವರ್ಷದಿಂದ ಎಲ್ಲಾದ್ರೂ ನೆಲ ಒರೆಸ್ತಾ, ಪ್ರತಿ ವೈರು ಕಂಡಾಗ್ಲೂ ಕಾಲು ಹಿಂದಕ್ಕೆಳ್ಕೋತಿರ್ತಾರೇನೋ ಅನ್ಸುತ್ತೆ."

ನಾಲ್ಕನೆಯ ರಚನೆಯ ನಡುವೆ ಅದು ಆಗುತ್ತದೆ. ಐವತ್ತು ದಾಟಿದ ಒಬ್ಬರು, ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಗಾಡಿಯನ್ನು ತಳ್ಳಿಕೊಂಡು ವೇದಿಕೆಯ ಹಿಂಬದಿಯಲ್ಲಿ ಹಾಯುತ್ತಾರೆ. ಕುರ್ಚಿಗಳ ರಾಶಿ ಅವರ ಮುಖಕ್ಕಿಂತ ಎತ್ತರ, ನೆಲ ಕಾಣುವಂತಿಲ್ಲ. ಗಟ್ಟಿಯಕ್ಕನ ಕೈ ನನ್ನ ಮೊಣಕೈಯನ್ನು ಹಿಡಿಯುತ್ತದೆ. ಗಾಡಿಯ ಚಕ್ರ ಕೇಬಲ್ಲನ್ನು ಕಚ್ಚಿ ಸೆಳೆಯುತ್ತದೆ. ಬೇಸ್‌ನ ದನಿ ದೀಪ ಆರಿದ ಹಾಗೆ ನಿಲ್ಲುತ್ತದೆ.

ಬೇಸ್ ನಿಂತ ಜಾಗದಲ್ಲೇ ನಿಂತಿದೆ. ಅವಳ ಕಣ್ಣು ಎದುರಿನ ಹಾಳೆಯ ಮೇಲೇ ಇದೆ, ಬಲಗೈ ಮಾತ್ರ ಇಳಿಯುತ್ತದೆ. ಒಂದು. ಎರಡು. ದನಿ ಮತ್ತೆ ತುಂಬಿಕೊಳ್ಳುತ್ತದೆ. ಮುಖ್ಯಸ್ಥರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸುತ್ತಾರೆ.

"ಮೂರನೇ ಸಲ ಅಲ್ವೇನಮ್ಮಾ ಇದು?"

"ಕೆಟ್ಟುಹೋಗಿದ್ದಲ್ಲ ಸರ್. ಪ್ಲಗ್ ಬಿಟ್ಕೊಂಡಿತ್ತು, ಹಾಕ್ಕೊಂಡೆ." ದನಿ ಸಣ್ಣದು, ಆದರೆ ಸ್ಪಷ್ಟ.

ಮುಖ್ಯಸ್ಥರ ನೋಟ ಕೇಬಲ್ಲಿನ ಜಾಡು ಹಿಡಿದು ಗಾಡಿಯ ಚಕ್ರದ ತನಕ ಹೋಗುತ್ತದೆ. "ಯಾರ್ರೀ ಅದನ್ನ ಎಳೆದದ್ದು?"

ಕುರ್ಚಿಗಳ ಹಿಂದಿನಿಂದ ಆ ಮನುಷ್ಯ ಹೊರಗೆ ಬರುತ್ತಾರೆ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ನನ್ನ ಪಕ್ಕದ ಕುರ್ಚಿ ಕಿರ್ರೆನ್ನುತ್ತದೆ. ಗಟ್ಟಿಯಕ್ಕ ಎದ್ದು ನಿಂತಿದ್ದಾರೆ.

"ಎಳೆದ್ರೆ ಬಿಡ್ಲಿ ಅಂತಾನೇ ಮಾಡಿರೋದು ಸರ್" ಎಂದು ಕಡೆಯ ಸಾಲಿನಿಂದ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳುತ್ತಾರೆ. "ಜಾಕ್ ಹಾಕಿದ್ದು ನಾನು. ಅವರದೇನೂ ತಪ್ಪಿಲ್ಲ. ಆ ಹುಡುಗಿಯದೂ ಇಲ್ಲ. ಬಿಡದೇ ಇದ್ದಿದ್ರೆ ಬೇಸ್ ಈಗ ನೆಲದ ಮೇಲಿರ್ತಿತ್ತು. ಅದು ನಿಂತಿದೆ, ನೋಡಿ. ದೂರು ಇದ್ರೆ ನನಗೆ ಹೇಳಿ."

ಮುಖ್ಯಸ್ಥರು ಬೇಸನ್ನು ನೋಡುತ್ತಾರೆ. ಹತ್ತಿರ ಬಂದು ಬಗ್ಗಿ, ಬಾಲದ ಅಡಿಯ ಹಿತ್ತಾಳೆ ಪಟ್ಟಿಯನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಾರೆ. ಅದು ಅಲ್ಲಾಡುವುದಿಲ್ಲ. ಕೇಬಲ್ಲನ್ನು ತಾವೇ ಒಮ್ಮೆ ಜಗ್ಗುತ್ತಾರೆ. ಪಟ್ಟನೆ ಬಿಡುತ್ತದೆ. ಅವಳು ಕಣ್ಣು ಹಾಯಿಸದೆ ಮತ್ತೆ ಚುಚ್ಚುತ್ತಾಳೆ.

"ಎಷ್ಟು ಹೊತ್ತು ನಿಂತಿತ್ತು?" ಎಂದು ಡ್ರಮ್ಮಿನವರನ್ನು ಕೇಳುತ್ತಾರೆ.

"ಎರಡು ಎಣಿಕೆ. ನಾನು ತಪ್ಪಿದ್ರೂ ಅಷ್ಟು ಬೇಗ ಸರಿಹೋಗಲ್ಲ" ಎನ್ನುತ್ತಾರೆ ಡ್ರಮ್ಮಿನವರು. ಯಾರೋ ನಗುತ್ತಾರೆ.

"ಗಾಡಿ ಇನ್ನು ಆ ಕಡೆಯಿಂದ ತಗೊಂಡು ಹೋಗಪ್ಪಾ" ಎಂದು ಮುಖ್ಯಸ್ಥರು ಕುರ್ಚಿಯವರಿಗೆ ಹೇಳುತ್ತಾರೆ. ಗದರಿಕೆಯಲ್ಲ, ದಾರಿ ತೋರಿಸುವ ಮಾತು. ಆಮೇಲೆ ಅವಳಿಗೆ: "ನಾಲ್ಕನೇದನ್ನ ಮೊದಲಿಂದ ಹಿಡಿಯೋಣ. ಮತ್ತೆ ಸೋಮವಾರ ಹತ್ತಕ್ಕೇ ಬಂದುಬಿಡಮ್ಮ, ಕೆಲಸದ ಕಾಗದಕ್ಕೆ ಸಹಿ ಹಾಕೋದಿದೆ."

ಅವಳು ತಲೆಯಾಡಿಸುತ್ತಾಳೆ. ಹಾಳೆಯನ್ನು ಹಿಂದಕ್ಕೆ ತಿರುವುತ್ತಾಳೆ. ಗಟ್ಟಿಯಕ್ಕ ಕೂರುತ್ತಾರೆ. ನನ್ನ ಮೊಣಕೈಯನ್ನು ಬಿಟ್ಟ ಜಾಗದಲ್ಲಿ ಬೆರಳುಗಳ ಗುರುತಿದೆ. ಅದನ್ನು ಕಂಡು, "ಅಯ್ಯೋ, ನೋವಾಯ್ತಾ ಅಮ್ಮಾ?" ಎಂದು ಅಂಗೈಯಿಂದ ಸವರುತ್ತಾರೆ. ಹೆಮ್ಮೆಯಾಯಿತೇ ಎಂದು ಕೇಳುತ್ತೇನೆ.

"ಈ ಸಲ ಹೊತ್ತಿಗೆ ಸರಿಯಾಗಿ ಎದ್ದು ನಿಂತೆ. ಹೋದ ಸಲ ಮೂರು ದಿನ ತಡ ಮಾಡಿದ್ದೆ."

ಬಿಡುವು ಸಿಕ್ಕಾಗ ಒಂದೂವರೆ. ಎಲ್ಲರೂ ಹೊರಗೆ ಹೋಗುತ್ತಾರೆ. ಗಟ್ಟಿಯಕ್ಕ ವೇದಿಕೆಯ ಮೆಟ್ಟಿಲ ಮೇಲೆ ಕೂತು ಕೇಬಲ್ಲನ್ನು ಉದ್ದಕ್ಕೂ ಬೆರಳಲ್ಲಿ ಹಾಯಿಸಿ, ಚಕ್ರ ಕಚ್ಚಿದ ಕಡೆ ಗಾಯವಾಗಿದೆಯೇ ಎಂದು ನೋಡುತ್ತಿದ್ದಾರೆ. ಬೆಳಗಿನಿಂದ ಇವರ ಬಾಯಿಗೆ ಹೋದದ್ದು ಆ ವಾಷರ್ ಒಂದೇ. ಕುರ್ಚಿಗಳನ್ನೆಲ್ಲ ಸಾಲಾಗಿ ಇಟ್ಟು ಮುಗಿಸಿದ ಆ ಮನುಷ್ಯ ಪರದೆಯ ಹಿಂದಕ್ಕೆ ಹೋಗಿ ಬರುತ್ತಾರೆ. ಮೆಟ್ಟಿಲ ಬಳಿ ನಿಂತು ತಮ್ಮ ಊಟದ ಡಬ್ಬಿ ಬಿಚ್ಚುತ್ತಾರೆ. ಸ್ವಲ್ಪವನ್ನು ಮುಚ್ಚಳಕ್ಕೆ ತೆಗೆದುಕೊಂಡು, ಡಬ್ಬಿಯನ್ನು ಗಟ್ಟಿಯಕ್ಕನ ಕೈಗೆ ಕೊಟ್ಟು, ಎರಡು ಮೆಟ್ಟಿಲು ಕೆಳಗೆ ಕೂರುತ್ತಾರೆ.